ಸೂಜಿ ಕೂರುತ್ತೆ, ಕೀಬೋರ್ಡ್ ಕೂರಲ್ಲ

ತಿರುಪ್ಪೂರಿನಲ್ಲಿ ಹೊಲಿಗೆ ಯಂತ್ರದ ಬಿಡಿಭಾಗ ಮಾರುವ ಅಂಗಡಿಗೆ ಹೋಗಿ ‘ಡಿಸಿ ಇಪ್ಪತ್ತೇಳು, ಹನ್ನೊಂದನೇ ನಂಬರು’ ಅಂದರೆ ಮುಗಿಯಿತು. ಯಂತ್ರ ಯಾವ ಕಂಪನಿಯದು, ಯಾವ ವರ್ಷದ್ದು ಎಂಬ ಮಾತು ಸಾಮಾನ್ಯವಾಗಿ ಬರುವುದೇ ಇಲ್ಲ. ಓವರ್‌ಲಾಕ್‌ಗೆ ಡಿಸಿ×27, ಫ್ಲಾಟ್‌ಲಾಕ್‌ಗೆ ಯುವೈ×128, ಸಿಂಗಲ್ ನೀಡಲ್ ಯಂತ್ರಕ್ಕೆ ಡಿಬಿ×1. ಜರ್ಮನಿಯ ಗ್ರೋಟ್ಸ್-ಬೆಕರ್ಟ್ ಮಾಡಿದ ಸೂಜಿ ಜಪಾನಿನ ಜೂಕಿ ಯಂತ್ರದಲ್ಲಿ ಕೂರುತ್ತದೆ, ಜಪಾನಿನ ಆರ್ಗನ್ ಸೂಜಿ ಚೀನಾದ ಜ್ಯಾಕ್ ಯಂತ್ರದಲ್ಲಿ ಕೂರುತ್ತದೆ. ಅಪ್ಪನ ಕಾಲದ ಓವರ್‌ಲಾಕ್ ಮಾರಿ ಹೊಸದನ್ನು ತಂದರೂ ಡ್ರಾಯರಿನಲ್ಲಿ ಉಳಿದ ಸೂಜಿ ದಂಡವಾಗುವುದಿಲ್ಲ.

ಅದೇ ಊರಿನ ಬನಿಯನ್ ಕಂಪನಿಯ ಮಹಡಿ ಮೇಲಿನ ಆಫೀಸಿನಲ್ಲಿ ಕತೆ ಬೇರೆ. ಮರ್ಚಂಡೈಸರ್ ಕೈಗೆ ಈಗ ಟ್ಯಾಬ್ ಬಂದಿದೆ. ಕಟಿಂಗ್ ಟೇಬಲ್ ಪಕ್ಕ ನಿಂತು ಅಳತೆ ಪಟ್ಟಿ ನೋಡಬೇಕು, ಚೆಕಿಂಗ್ ಸೆಕ್ಷನ್‌ನಲ್ಲಿ ಹೊಲಿಗೆ ಬಿಟ್ಟ ಪೀಸಿನ ಫೋಟೊ ತೆಗೆಯಬೇಕು, ಮೇಲೆ ಬಂದು ಯುರೋಪಿನ ಬಯರ್‌ಗೆ ಉದ್ದುದ್ದ ಮೇಲ್ ಬರೆಯಬೇಕು. ಮೊದಲೆರಡಕ್ಕೆ ಟ್ಯಾಬ್ ಸಾಕು, ಮೂರನೆಯದಕ್ಕೆ ಕೀಬೋರ್ಡ್ ಬೇಕೇ ಬೇಕು. ಹಾಗಾಗಿ ಟ್ಯಾಬ್ ಬದಲಾಯಿಸುವ ಹೊತ್ತಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹಳೇ ಕೀಬೋರ್ಡು ಹೊಸ ಟ್ಯಾಬ್‌ಗೆ ಸೆಟ್ ಆಗುತ್ತಾ?

ಆಗುತ್ತದೆ, ಆಗುವುದಿಲ್ಲ, ಅರ್ಧಂಬರ್ಧ ಆಗುತ್ತದೆ. ಮೂರೂ ನಿಜ.

ಆ್ಯಪಲ್ ಕಂಪನಿಯನ್ನೇ ನೋಡಿ. 2015ರ ಐಪ್ಯಾಡ್ ಪ್ರೊ ಅಂಚಿನಲ್ಲಿ ಮೂರು ಪುಟ್ಟ ಲೋಹದ ಚುಕ್ಕೆಗಳು ಬಂದವು. ಒಂದರಲ್ಲಿ ವಿದ್ಯುತ್ತು, ಇನ್ನೊಂದರಲ್ಲಿ ಮಾಹಿತಿ, ಮತ್ತೊಂದು ಅರ್ಥಿಂಗ್. ಅದಕ್ಕೆ ಅವರಿಟ್ಟ ಹೆಸರು ಸ್ಮಾರ್ಟ್ ಕನೆಕ್ಟರ್. ಕೀಬೋರ್ಡಿಗೆ ಬ್ಯಾಟರಿ ಬೇಡ, ಚಾರ್ಜು ಬೇಡ, ಬ್ಲೂಟೂತ್ ಜೋಡಣೆಯ ರಗಳೆ ಬೇಡ. ಅಂಟಿಸಿದರೆ ಕೆಲಸ ಶುರು. ಸ್ಮಾರ್ಟ್ ಕೀಬೋರ್ಡ್ ಎಂಬ ಆ ಕೀಬೋರ್ಡಿನ ಮಡಿಕೆಯೊಳಗೆ ತಂತಿಯ ಬದಲು ವಿದ್ಯುತ್ ಹರಿಸುವ ಬಟ್ಟೆ ಇತ್ತು. ಬಟ್ಟೆಯಲ್ಲೇ ಹುಟ್ಟಿ ಬೆಳೆದ ತಿರುಪ್ಪೂರಿನವರು ಇದನ್ನು ಕೇಳಿ ಹುಬ್ಬೇರಿಸಿದರೆ ತಪ್ಪಿಲ್ಲ.

2017ರ 10.5 ಇಂಚಿನ ಪ್ರೊಗೆ ಮಾಡಿದ ಸ್ಮಾರ್ಟ್ ಕೀಬೋರ್ಡು ಮುಂದೆ 2019ರ ಐಪ್ಯಾಡ್ ಏರ್‌ಗೂ ಕೂತಿತು, ಸಾದಾ ಐಪ್ಯಾಡಿನ ಏಳು, ಎಂಟು, ಒಂಬತ್ತನೇ ತಲೆಮಾರಿಗೂ ಕೂತಿತು. 2021ರ ಒಂಬತ್ತನೇ ತಲೆಮಾರಿನ ಐಪ್ಯಾಡಿಗೆ ನಾಲ್ಕು ವರ್ಷ ಹಿಂದಿನ ಕೀಬೋರ್ಡು! ಮಾಡಬೇಕೆಂದರೆ ಆಗುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ 2022ರಲ್ಲಿ ಹತ್ತನೇ ತಲೆಮಾರು ಬಂತು. ಹೋಮ್ ಬಟನ್ ಹೋಯಿತು, ಟೈಪ್-ಸಿ ಬಂತು, ಮೈಕಟ್ಟು ಬದಲಾಯಿತು, ಹಳೇ ಕೀಬೋರ್ಡು ಹೊರಗೆ ಬಿತ್ತು. ಬದಲಿಗೆ ಬಂದ ಮ್ಯಾಜಿಕ್ ಕೀಬೋರ್ಡ್ ಫೋಲಿಯೊ ಬೆಲೆ ಆಗ ಭಾರತದಲ್ಲಿ 24,900 ರೂಪಾಯಿ ಇತ್ತು. ಟ್ಯಾಬ್ ಬೆಲೆ 44,900 ಇತ್ತು. ಆಮೇಲೆ ಟ್ಯಾಬ್ ಬೆಲೆ 34,900ಕ್ಕೆ ಇಳಿಯಿತು. ಟ್ಯಾಬ್‌ನ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ದುಡ್ಡನ್ನು ಅದರ ಕೀಬೋರ್ಡಿಗೆ ಕೊಡಬೇಕಾದ ಸ್ಥಿತಿ. ಎಮ್ಮೆಗಿಂತ ಹಗ್ಗ ಭಾರ.

ಪ್ರೊ ಮಾಲೆಯಲ್ಲಿ ಇನ್ನೂ ಸೂಕ್ಷ್ಮವಾದ ಪ್ರಸಂಗವಿದೆ. 2021ರ 12.9 ಇಂಚಿನ ಪ್ರೊ ಪರದೆಗೆ ಹೊಸ ಬಗೆಯ ಬೆಳಕಿನ ಪದರ ಹಾಕಿದ್ದರಿಂದ ಅದು ಹಳೆಯದಕ್ಕಿಂತ ಅರ್ಧ ಮಿಲಿಮೀಟರು ದಪ್ಪವಾಯಿತು: 5.9 ಇದ್ದದ್ದು 6.4. ಪ್ರೊಗೆಂದು ಹಿಂದಿನ ವರ್ಷ ಬಂದ ಮ್ಯಾಜಿಕ್ ಕೀಬೋರ್ಡು ಕೆಲಸ ಮಾಡುತ್ತದೆ, ಆದರೆ ಮುಚ್ಚಿದಾಗ ಸರಿಯಾಗಿ ಕೂರದೆ ಇರಬಹುದು, ಪರದೆಗೆ ಗ್ಲಾಸ್ ಅಂಟಿಸಿದ್ದರಂತೂ ಇನ್ನೂ ಕಷ್ಟ ಎಂದು ಕಂಪನಿಯೇ ಹೇಳಿತು. ಅಕ್ಷರ ಮೂಡುತ್ತದೆ, ಮುಚ್ಚಳ ಮುಚ್ಚುವುದಿಲ್ಲ. 2024ರಲ್ಲಿ ಎಂ4 ಚಿಪ್ಪಿನ ಐಪ್ಯಾಡ್ ಪ್ರೊ ಬಂದಾಗ ಈ ಅರೆಬರೆ ಸಂಬಂಧವೂ ಕಡಿಯಿತು. 13 ಇಂಚಿನದು 5.1 ಮಿಲಿಮೀಟರಿಗೆ ತೆಳುವಾಯಿತು, ಮುಂದಿನ ಕ್ಯಾಮೆರಾ ಉದ್ದದ ಅಂಚಿಗೆ ಸರಿಯಿತು, ಹಳೇ ಕೀಬೋರ್ಡಿನ ಜತೆ ಹಳೇ ಆ್ಯಪಲ್ ಪೆನ್ಸಿಲ್ಲೂ ಹೋಯಿತು. ಅದೇ ದಿನ ಬಿಡುಗಡೆಯಾದ ಎಂ2 ಐಪ್ಯಾಡ್ ಏರ್ ಮಾತ್ರ ಹಳೇ ಮ್ಯಾಜಿಕ್ ಕೀಬೋರ್ಡನ್ನು ಒಪ್ಪಿತು. ಒಂದೇ ಕಂಪನಿ, ಒಂದೇ ದಿನ, ಎರಡು ನ್ಯಾಯ.

ಮೈಕ್ರೋಸಾಫ್ಟಿನ ಸರ್ಫೇಸ್ ಈ ವಿಷಯದಲ್ಲಿ ಬಹುಕಾಲ ಮರ್ಯಾದೆಯಿಂದ ನಡೆದುಕೊಂಡಿತು. 2014ರ ಸರ್ಫೇಸ್ ಪ್ರೊ 3ರಿಂದ ಹಿಡಿದು 2021ರ ಆರಂಭದಲ್ಲಿ ಬಂದ ಪ್ರೊ 7 ಪ್ಲಸ್‌ವರೆಗೆ ಕೀಬೋರ್ಡಿನ ಕೂಡುಜಾಗ ಒಂದೇ. ಕೊಯಮತ್ತೂರಿನ ಪಂಪು-ಮೋಟಾರು ಕಂಪನಿಯ ಎಂಜಿನಿಯರ್ ಒಬ್ಬರು ಟ್ಯಾಬ್ ಎರಡು ಸಲ ಬದಲಾಯಿಸಿದರೂ ಟೈಪ್ ಕವರ್ ಎಂಬ ಅದರ ಕೀಬೋರ್ಡು ಒಂದನ್ನೇ ಇಟ್ಟುಕೊಳ್ಳಬಹುದಿತ್ತು. ಅದೇ 2021ರ ಕೊನೆಗೆ ಪ್ರೊ 8 ಬಂತು, ಜೋಡಣೆ ಬದಲಾಯಿತು, ಹಳೆಯವೆಲ್ಲ ಮೂಲೆಗೆ. ಒಂದೇ ವರ್ಷದಲ್ಲಿ ಕೊಂಡ ಎರಡು ಸರ್ಫೇಸ್‌ಗಳ ಕೀಬೋರ್ಡು ಅದಲುಬದಲು ಮಾಡಲಾಗದ ಪರಿಸ್ಥಿತಿ. ಸ್ಯಾಮ್‌ಸಂಗ್‌ನಲ್ಲಿ ಗ್ಯಾಲಕ್ಸಿ ಟ್ಯಾಬ್ ಎಸ್7ರ ಕೀಬೋರ್ಡ್ ಕವರು ಎಸ್8ಕ್ಕೂ ಆಗುತ್ತದೆ, ಎರಡರ ಮೈಯಳತೆ ಒಂದೇ ಆದ್ದರಿಂದ.

ಇದೆಲ್ಲ ಬರೀ ಲೂಟಿ ಎನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಟ್ಯಾಬ್ ತೆಳುವಾದರೆ ಅದನ್ನು ಹಿಡಿಯುವ ಕೀಲಿನ ತೂಕ ಬದಲಾಗಲೇಬೇಕು; ಕ್ಯಾಮೆರಾ ಸರಿದರೆ ಆಯಸ್ಕಾಂತದ ಜಾಗವೂ ಸರಿಯುತ್ತದೆ. ಇದು ಎಂಜಿನಿಯರಿಂಗ್, ಒಪ್ಪೋಣ. ಒಪ್ಪಲಾಗದ್ದು ಇನ್ನೊಂದು. ಪಿನ್ನುಗಳ ಜೋಡಣೆಯನ್ನು ಪ್ರತಿ ಕಂಪನಿಯೂ ತನ್ನದೇ ರೀತಿಯಲ್ಲಿ ಇಟ್ಟುಕೊಂಡಿದೆ. ಚಾರ್ಜರಿನ ವಿಷಯದಲ್ಲೂ ಹೀಗೇ ಇತ್ತು. ಯುರೋಪಿನ ಒಕ್ಕೂಟ ಕಾನೂನು ಮಾಡಿ 2024ರ ಡಿಸೆಂಬರ್ 28ರಿಂದ ಫೋನು, ಟ್ಯಾಬ್‌ಗಳಿಗೆ ಟೈಪ್-ಸಿ ಕಡ್ಡಾಯ ಮಾಡಿತು. ಆಗುವುದೇ ಇಲ್ಲ ಎನ್ನುತ್ತಿದ್ದವರೆಲ್ಲ ಮಾಡಿದರು. ಕೀಬೋರ್ಡಿನ ಪಿನ್ನಿಗೆ ಅಂಥ ಒಂದು ಮಾನಕ ಬಂದರೆ ಮುಚ್ಚಳ ಸರಿಯಾಗಿ ಕೂರದಿದ್ದರೂ ಅಕ್ಷರವಂತೂ ಮೂಡುತ್ತದೆ. ಹೊಲಿಗೆ ಯಂತ್ರ ಮಾಡುವವರೂ ಪೈಪೋಟಿಗೆ ಬಿದ್ದವರೇ, ಅವರಲ್ಲೂ ಯಾರೂ ಸನ್ಯಾಸಿಗಳಲ್ಲ. ಆದರೂ ಸೂಜಿಯ ಬುಡದ ಅಳತೆಯಲ್ಲಿ ಅವರು ಜಗಳ ಆಡುವುದಿಲ್ಲ.

ಕೊಯಮತ್ತೂರಿನ ಗಾಂಧಿಪುರಂ ಕಡೆಯ ಮೊಬೈಲ್ ಅಂಗಡಿಗಳಲ್ಲಿ ಈ ಹೊಂದಾಣಿಕೆಯ ಪರೀಕ್ಷೆ ಹೇಗೆ ನಡೆಯುತ್ತದೆಂದು ನೋಡಬೇಕು. ಗಿರಾಕಿ ತಂದ ಟ್ಯಾಬನ್ನು ಅಂಗಡಿ ಹುಡುಗ ಕೀಬೋರ್ಡಿನ ಹತ್ತಿರ ಹಿಡಿಯುತ್ತಾನೆ. ಟಪ್ ಅಂತ ಆಯಸ್ಕಾಂತ ಕಚ್ಚುತ್ತದೆ. ಗಿರಾಕಿಯ ಮುಖ ಅರಳುತ್ತದೆ. ಅಂಗಡಿ ಹುಡುಗನ ಮುಖ ಅರಳುವುದಿಲ್ಲ, ಅವನ ಕಣ್ಣು ಪರದೆಯ ಮೇಲಿರುತ್ತದೆ. ಆಯಸ್ಕಾಂತಕ್ಕೆ ಕಬ್ಬಿಣ ಸಿಕ್ಕರೆ ಸಾಕು, ಅದು ತಲೆಮಾರು ನೋಡುವುದಿಲ್ಲ. ಪಿನ್ನು ಪಿನ್ನಿಗೆ ತಾಗಬೇಕು, ತಾಗಿದ ಮೇಲೆ ಟ್ಯಾಬ್ ಒಳಗಿನ ಸಾಫ್ಟ್‌ವೇರು ‘ಇದು ನನ್ನದು’ ಎಂದು ಗುರುತಿಸಬೇಕು. ಟೈಪ್ ಮಾಡಿ ಅಕ್ಷರ ಬಿದ್ದ ಮೇಲೆಯೇ ದುಡ್ಡು ಎಣಿಸುವುದು ಜಾಣತನ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ‘ಈ ಸಾಧನಕ್ಕೆ ಬೆಂಬಲವಿಲ್ಲ’ ಎಂದು ಟ್ಯಾಬ್ ಗೊಣಗಿದ ತಕ್ಷಣ ಹೊಂದಾಣಿಕೆ ಇಲ್ಲ ಎಂದು ತೀರ್ಮಾನಿಸಬೇಡಿ. ಬನಿಯನ್ ಕಂಪನಿಯ ಗಾಳಿಯಲ್ಲಿ ಹತ್ತಿಯ ನಯವಾದ ನಾರು ಸದಾ ತೇಲುತ್ತಿರುತ್ತದೆ. ಕೂದಲಲ್ಲಿ, ಟೀ ಲೋಟದಲ್ಲಿ, ಫ್ಯಾನಿನ ರೆಕ್ಕೆಯಲ್ಲಿ ಅದು ಎಲ್ಲೆಲ್ಲೂ ಇರುತ್ತದೆ. ಕೈಬೆವರಿನ ಜತೆ ಸೇರಿ ಪಿನ್ನಿನ ಮೇಲೆ ಕೂತರೆ ತೆಳುವಾದ ಪೊರೆಯಾಗುತ್ತದೆ, ಸಂಪರ್ಕ ತಪ್ಪುತ್ತದೆ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಎರಡೂ ಕಡೆಯ ಪಿನ್ನು ಒರೆಸಿ, ಟ್ಯಾಬನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಆಮೇಲೆ ಮಾತಾಡಿ. ಬಟ್ಟೆಗೇನೂ ತಿರುಪ್ಪೂರಿನಲ್ಲಿ ಬರವಿಲ್ಲ.

ನನ್ನನ್ನು ಕೇಳಿದರೆ, ಟ್ಯಾಬ್ ಪಿನ್ನಿಗೆ ಕಟ್ಟುಬಿದ್ದ ಕೀಬೋರ್ಡು ನಮ್ಮಂಥವರಿಗೆ ಸರಿಯಾದ ಲೆಕ್ಕವಲ್ಲ. ಬ್ಲೂಟೂತ್ ಕೀಬೋರ್ಡು ತಲೆಮಾರು ಕೇಳುವುದಿಲ್ಲ. ಲಾಜಿಟೆಕ್‌ನ ಕೆ380 ಎಂಬ ಸಣ್ಣ ಕೀಬೋರ್ಡು 2015ರಿಂದ ಮಾರುಕಟ್ಟೆಯಲ್ಲಿದೆ. ಮೂರು ಸಾಧನಗಳಿಗೆ ಜೋಡಿಸಿಟ್ಟು ಒಂದು ಗುಂಡಿ ಒತ್ತಿ ಟ್ಯಾಬ್‌ನಿಂದ ಫೋನಿಗೆ, ಫೋನಿನಿಂದ ಕಂಪ್ಯೂಟರಿಗೆ ಹಾರಬಹುದು. ಎರಡು ಸಣ್ಣ ಶೆಲ್ಲು ಹಾಕಿದರೆ ತಿಂಗಳುಗಟ್ಟಲೆ ನಡೆಯುತ್ತದೆ. ಮುಚ್ಚಳದಂತೆ ಅಂಟಿಕೊಳ್ಳುವುದಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಬರೆಯಲು ಒದ್ದಾಟ, ಬ್ಯಾಗಿನಲ್ಲಿ ಎರಡು ಸಾಮಾನು ಹೊರಬೇಕು. ಈ ಕೊರತೆಗಳು ನಿಜ. ಇನ್ನೂ ಕಮ್ಮಿ ಖರ್ಚು ಬೇಕೆಂದರೆ ಒಟಿಜಿ ಎಂಬ ಪುಟ್ಟ ಕೊಂಡಿ ತಂದು, ಕಂಪ್ಯೂಟರಿನ ಹಳೇ ತಂತಿ ಕೀಬೋರ್ಡನ್ನೇ ಆಂಡ್ರಾಯ್ಡ್ ಟ್ಯಾಬ್‌ಗೆ ಚುಚ್ಚಬಹುದು. ತಮಿಳುನಾಡು ಸರ್ಕಾರ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಟ್ಯಾಬ್ ಕೊಟ್ಟಿದೆ. ಅಟೆಂಡೆನ್ಸ್ ಹಾಕಲು ಪರದೆ ಸಾಕು, ವರದಿ ಬರೆಯುವ ದಿನ ಶಾಲೆಯ ಮೂಲೆಯಲ್ಲಿ ಧೂಳು ಹಿಡಿದ ಕೀಬೋರ್ಡಿಗೆ ಕೆಲಸ ಸಿಗಬಹುದು.

ಕೀಬೋರ್ಡಿಗೆ ಭಾಷೆಯೂ ಗೊತ್ತಿಲ್ಲ. ನೀವು ಒತ್ತಿದ ಗುಂಡಿ ಎಷ್ಟನೆಯದು ಎಂಬ ಸಂಖ್ಯೆಯನ್ನಷ್ಟೇ ಅದು ಕಳಿಸುತ್ತದೆ, ಅದು ಯಾವ ಅಕ್ಷರ ಎಂದು ತೀರ್ಮಾನಿಸುವುದು ಟ್ಯಾಬ್. 1999ರಲ್ಲಿ ತಮಿಳುನಾಡು ಒಪ್ಪಿಕೊಂಡ ತಮಿಳ್99 ವಿನ್ಯಾಸವಾಗಲಿ, ಕೆ.ಪಿ. ರಾವ್ ರೂಪಿಸಿ ನುಡಿ ತಂತ್ರಾಂಶದಿಂದ ನಮಗೆಲ್ಲ ಅಭ್ಯಾಸವಾದ ಕನ್ನಡ ವಿನ್ಯಾಸವಾಗಲಿ, ಟ್ಯಾಬ್ ಒಳಗೆ ಇದ್ದರೆ ಯಾವ ಹಳೇ ಕೀಬೋರ್ಡಿನಲ್ಲೂ ಬರುತ್ತದೆ. ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ದೇವಾಂಗರ ಮನೆಗಳಲ್ಲಿ ಮಾತು ಕನ್ನಡ, ಓದು ಬರಹ ತಮಿಳು. ಅಂಥ ಮನೆಯ ಮಕ್ಕಳು ಬೆಂಗಳೂರಿನ ಅಂಗಡಿಗೆ ಸೀರೆಯ ವಿವರವನ್ನು ಕನ್ನಡದಲ್ಲಿ ಬರೆದು ಕಳಿಸಬೇಕೆಂದರೆ ಅದಕ್ಕೂ ಹೊಸ ಕೀಬೋರ್ಡು ಬೇಕಿಲ್ಲ.

ಇನ್ನು ಸರ್ಕಾರದ ಕಡೆ ನೋಡೋಣ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣ ತೆರೆಯಿತು. 2024ರ ಸೆಪ್ಟೆಂಬರಿನಲ್ಲಿ ಇನ್ನೊಂದು ಸಮಿತಿ ಕೂತು, 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು: ಮೊದಲಿಗೆ ಫೋನು ಮತ್ತು ಟ್ಯಾಬ್‌ಗಳಿಗೆ ‘ರಿಪೇರಿ ಅಂಕ’ ಕೊಡಬೇಕು, ಕೊಳ್ಳುವ ಜಾಗದಲ್ಲೇ ಅದು ಗಿರಾಕಿಗೆ ಕಾಣಬೇಕು. ಬಿಚ್ಚುವುದು ಸುಲಭವೇ, ಬಿಡಿಭಾಗ ಸಿಗುತ್ತದೆಯೇ, ಸಾಫ್ಟ್‌ವೇರ್ ಅಪ್‌ಡೇಟ್ ಬರುತ್ತದೆಯೇ ಎಂಬುದರ ಮೇಲೆ ಅಂಕ. ಒಳ್ಳೆಯ ಹೆಜ್ಜೆ. ಇದರ ಜತೆಗೆ ಟ್ಯಾಬ್ ಪೆಟ್ಟಿಗೆಯ ಮೇಲೆ ಇನ್ನೊಂದೇ ಒಂದು ಸಾಲು ಕಡ್ಡಾಯ ಮಾಡಬೇಕೆಂಬುದು ನನ್ನ ವಾದ: ಈ ಟ್ಯಾಬ್‌ಗೆ ನಮ್ಮದೇ ಕಂಪನಿಯ ಯಾವ ಯಾವ ಹಳೇ ಕೀಬೋರ್ಡುಗಳು ಆಗುತ್ತವೆ, ಮಾಡೆಲ್ ನಂಬರ್ ಸಮೇತ. ಆ ಪಟ್ಟಿ ಕಂಪನಿಗಳ ಹತ್ತಿರ ಇದ್ದೇ ಇದೆ, ಇಂಟರ್ನೆಟ್ಟಿನ ಯಾವುದೋ ಪುಟದ ಕೆಳಗೆ. ಅದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಲು ಹೆಚ್ಚಿನ ಖರ್ಚೇನೂ ಇಲ್ಲ, ಮಾರಾಟ ಕಮ್ಮಿಯಾಗುವ ಭಯ ಬಿಟ್ಟರೆ.

ಕಾನೂನು ಬರುವ ತನಕ ಸೆಕೆಂಡ್ ಹ್ಯಾಂಡ್ ಬಜಾರು ತನ್ನ ಲೆಕ್ಕ ತಾನು ನಡೆಸಿಕೊಂಡಿದೆ. ಚಾಮರಾಜನಗರ ಕಡೆಯಿಂದ ದಿಂಬಂ ಘಾಟಿ ಇಳಿದು ಬನಿಯನ್ ಕಂಪನಿ ಸೇರಿದ ಹುಡುಗರು ದೀಪಾವಳಿ ಬೋನಸ್ಸಿನಲ್ಲಿ ತಂಗಿಗೋ ಮಗಳಿಗೋ ಹಳೇ ಐಪ್ಯಾಡ್ ಹುಡುಕುವುದುಂಟು. ಅವರಿಗೆ ಒಂದು ಸೂಚನೆ. ಟ್ಯಾಬ್ ಬೆನ್ನಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಎ ಅಕ್ಷರದಿಂದ ಶುರುವಾಗುವ ನಾಲ್ಕಂಕಿಯ ನಂಬರಿದೆ. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಎ2602 ಇದ್ದರೆ ಅದು ಒಂಬತ್ತನೇ ತಲೆಮಾರು, 10.5 ಇಂಚಿನ ಪ್ರೊಗೆ ಮಾಡಿದ ಹಳೇ ಸ್ಮಾರ್ಟ್ ಕೀಬೋರ್ಡು ಆಗುತ್ತದೆ. ಎ2696 ಇದ್ದರೆ ಹತ್ತನೆಯದು, ಆಗುವುದಿಲ್ಲ. ಹೊಸ ಟ್ಯಾಬ್ ಕೊಂಡವರಿಗೆ ಆ ಹಳೇ ಕೀಬೋರ್ಡಿನಿಂದ ಉಪಯೋಗವಿಲ್ಲದ ಕಾರಣ ಅದನ್ನು ಕಮ್ಮಿಗೆ ಕೊಟ್ಟುಬಿಡುತ್ತಾರೆ, ಚೌಕಾಸಿಗೆ ಜಾಗವಿದೆ. ಮಡಿಕೆಯ ಹತ್ತಿರ ಬಟ್ಟೆ ಸವೆದಿದೆಯೇ ನೋಡಿ, ಪ್ರತಿ ಗುಂಡಿಯನ್ನೂ ಒತ್ತಿ ನೋಡಿ, ಸ್ಪೇಸ್ ಬಾರನ್ನು ಎರಡೂ ತುದಿಯಲ್ಲಿ ಒತ್ತಿ ನೋಡಿ.