‘ಕಡತ’ ಅಂದ್ರೆ ನಗಬೇಡಿ

ಲ್ಯಾಪ್‌ಟಾಪ್‌ನಲ್ಲಿ ಲಿಬ್ರೆಆಫೀಸನ್ನು ಕನ್ನಡಕ್ಕೆ ಬದಲಾಯಿಸಿದೆ. ‘ಫೈಲ್’ ಇದ್ದ ಕಡೆ ‘ಕಡತ’ ಅಂತ ಬಂತು. ಹೊರಮಾವಿನ ನಮ್ಮ ಮನೇಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಯಾವುದೋ ಸರ್ಕಾರಿ ಕಚೇರಿಯಲ್ಲಿ ಹುಟ್ಟಿದ ಪದ ಅಂದ್ಕೊಂಡಿದ್ದೆ.

ಆದ್ರೆ ಕಡತ ಕೈಯಲ್ಲಿ ಹಿಡಿಯೋ ವಸ್ತುವಾಗಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಪದರ ಪದರವಾಗಿ ಮಡಚಿ, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೀತಿದ್ರು. ಬೇಡವಾದ್ರೆ ಅಳಿಸಿ ಮತ್ತೆ ಬರೀಬಹುದಿತ್ತು. ಶೃಂಗೇರಿ ಮಠದ ಎಷ್ಟೋ ಹಳೇ ದಾಖಲೆಗಳು ಇಂಥ ಕಡತಗಳಲ್ಲೇ ಉಳಿದಿವೆ. ಅಳಿಸಿ ಬರೆಯೋ ಮೆಮೊರಿ ಬಗ್ಗೆ ಓದೋ ನಮಗೆ ಇದಕ್ಕಿಂತ ಒಳ್ಳೆ ಪದ ಬೇಕಾ?

‘ಫೈಲ್’ ಕೂಡ ಲ್ಯಾಟಿನ್‌ನಲ್ಲಿ ದಾರ ಅನ್ನೋ ಪದದಿಂದ ಬಂದದ್ದು. ಕಾಗದಗಳನ್ನು ದಾರಕ್ಕೆ ಪೋಣಿಸಿ ಇಡ್ತಿದ್ರು. ದಾರ ಕಂಪ್ಯೂಟರಿಗೆ ಬಂದಾಗ ಯಾರೂ ನಗಲಿಲ್ಲ. ಬಟ್ಟೆ ಬಂದ್ರೆ ಮಾತ್ರ ನಗು ಯಾಕೆ?

ಮಾತಲ್ಲಿ ‘ಫೈಲ್’ ಅನ್ನಿ, ನಾನೂ ಅಂತೀನಿ. ಆದ್ರೆ ಕನ್ನಡ ಮೆನುವಿನಲ್ಲಿ ‘ಕಡತ’ವೇ ಇರಲಿ. ನಾಳೆ ಆ ಮೆನು ಬರೆಯೋರು ನಾವೇ ತಾನೇ?