ಓದಿದ ಅಜ್ಜಿಯ ಮೊಮ್ಮಗಳು



ಚಿಕ್ಕವಳಿದ್ದಾಗ ಭಾನುವಾರ ಬಂತೆಂದರೆ ನನಗೊಂದು ಕೆಲಸ ಕಾದಿರುತ್ತಿತ್ತು. ಮಾಳಿಗೆ ಹತ್ತಿ ಟಿ.ವಿ.ಯ ಆ್ಯಂಟೆನಾ ತಿರುಗಿಸುವುದು! "ಬಂತೇನೋ?" ಅಂತ ನಾನು ಮೇಲಿಂದ, "ಇನ್ನೂ ಸ್ವಲ್ಪ ಆ ಕಡೆ!" ಅಂತ ತಮ್ಮ ಕೆಳಗಿಂದ. ಗಾಳಿಯಲ್ಲಿ ಬರುವ ಅಲೆಯನ್ನು ಹಿಡಿದು ತಂತಿಗೆ ಇಳಿಸುವುದೇ ಆ ಕಂಬಿಗಳ ಕೆಲಸ ಅಂತ ಆಗ ನನಗೆಲ್ಲಿ ಗೊತ್ತು?

ಈಗ ಅದೆಲ್ಲ ನೆನಪಾಗಲು ಕಾರಣ ನನ್ನ ಮಗಳು. ಪಿ.ಯು.ಸಿ. ಮುಗಿಸಿ, ಬೆಂಗಳೂರಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅತ್ತೆಯವರದು ಒಂದೇ ಮಾತು: "ಹೆಣ್ಣು ಹುಡುಗಿ ತಂತಿ, ಕಂಬಿ ಹಿಡ್ಕೊಂಡು ಏನ್ ಮಾಡ್ತಾಳೆ? ಇಲ್ಲೇ ಬಿ.ಕಾಂ. ಮಾಡ್ಲಿ." ಎಸ್ಸೆಸ್ಸೆಲ್ಸಿಗೇ ನಿಂತವಳು ನಾನು, ಏನು ಹೇಳಲಿ? ರಾಜೇಶ್ವರಿ ಚಟರ್ಜಿಯವರ ಕಥೆ ಹೇಳಿದೆ.

ಹಳೆಯ ಮೈಸೂರು ಸಂಸ್ಥಾನದಲ್ಲಿ 1922ರಲ್ಲಿ ಹುಟ್ಟಿದವರು. ಅಜ್ಜಿ ಕಮಲಮ್ಮ ದಾಸಪ್ಪ ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟವರು ಓದಬೇಕೆಂದು ದುಡಿದವರು. ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಡಾಕ್ಟರೇಟ್ ಪಡೆದು, 1953ರಲ್ಲಿ ಅದೇ ಬೆಂಗಳೂರಿನ ಸಂಸ್ಥೆಗೆ ಮೇಡಂ ಆಗಿ ಬಂದರು. ಅಲ್ಲೇ ಪ್ರೊಫೆಸರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಸಂಶೋಧನೆ ಬೆಳೆಸಿದರು.

ಮೈಕ್ರೋವೇವ್ ಅಂದರೆ ಅಡಿಗೆಮನೆಯ ಒಲೆ ಮಾತ್ರ ಅಲ್ಲ ಕಣ್ರೀ. ಅದು ಗಿಡ್ಡ ಅಲೆ. ಎಫ್.ಎಂ. ರೇಡಿಯೋ ಅಲೆ ಸುಮಾರು 3 ಮೀಟರ್ ಉದ್ದವಾದರೆ, ಇದು ಸುಮಾರು 30 ಸೆಂಟಿಮೀಟರಿಗಿಂತ ಕಡಿಮೆ. ಅಲೆ ಗಿಡ್ಡವಾದಷ್ಟೂ ಆ್ಯಂಟೆನಾ ಚಿಕ್ಕದಾದರೆ ಸಾಕು. ಅದಕ್ಕೇ ನಮ್ಮ ಮೊಬೈಲಿನ ಆ್ಯಂಟೆನಾ ಒಳಗೇ ಅಡಗಿ ಕೂತಿದೆ. ವಿಮಾನ ಪತ್ತೆಹಚ್ಚುವ ರೇಡಾರ್ ನಡೆಯುವುದೂ ಇಂಥ ಅಲೆಗಳಿಂದಲೇ.

ರಾಜೇಶ್ವರಿಯವರು ವರ್ಷಗಟ್ಟಲೆ ಕೂತು ಅಭ್ಯಾಸ ಮಾಡಿದ್ದರಲ್ಲಿ ಒಂದು ವಿಚಿತ್ರವಾದದ್ದು. ಪ್ಲಾಸ್ಟಿಕ್ಕಿನಂಥ, ಕರೆಂಟೇ ಹರಿಯದ ಕಡ್ಡಿಯೂ ಆ್ಯಂಟೆನಾ ಆಗುತ್ತದಂತೆ! ಕುಕ್ಕರ್ ಹಿಡಿಯಂಥ ವಸ್ತು ಅನ್ನಿ. ಅಲೆ ಕಡ್ಡಿಯ ಗುಂಟ ಸಾಗಿ, ತುದಿಯಿಂದ ಮುಂದಕ್ಕೆ ಹೊರಡುತ್ತದೆ. ಇದರ ಮೇಲೆ ಅವರು ಪುಸ್ತಕವನ್ನೇ ಬರೆದರು. ಒಟ್ಟು 100ಕ್ಕೂ ಹೆಚ್ಚು ಪ್ರಬಂಧ, 7 ಪುಸ್ತಕ. ಅವರ ಕೈಯಲ್ಲಿ ಕಲಿತು ಡಾಕ್ಟರೇಟ್ ಪಡೆದವರು 20 ಮಂದಿ. 1982ರಲ್ಲಿ ನಿವೃತ್ತರಾದ ಮೇಲೂ ಸುಮ್ಮನೆ ಕೂರದೆ ಮಹಿಳೆಯರಿಗಾಗಿ ದುಡಿದರು. 2010ರಲ್ಲಿ ತೀರಿಕೊಂಡರು. ಮಗಳೂ ಅಮೆರಿಕದಲ್ಲಿ ಇಂಜಿನಿಯರಿಂಗ್ ಪ್ರೊಫೆಸರ್ ಆದರು.

ಅತ್ತೆಯವರು ಅವರೆಕಾಯಿ ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಅವರ ಅಜ್ಜಿನೇ ಓದಿದ್ರಾ?" ಅಂದರು. "ಹೌದು ಅತ್ತೆ. ಅಜ್ಜಿ ಬಾಗಿಲು ತೆಗೆದರು, ಮೊಮ್ಮಗಳು ನಡೆದರು" ಅಂದೆ. ಅವರು ಮಾತಾಡಲಿಲ್ಲ.

ಮಾರನೇ ದಿನ ಕಾಫಿ ಕುಡಿಯುವಾಗ ಕೇಳಿದರು: "ಆ ಹಾಸ್ಟೆಲ್ಲಿನಲ್ಲಿ ಊಟ ಚೆನ್ನಾಗಿರತ್ತಂತೇನೇ?"

ನಗು ತಡೆದುಕೊಂಡು ಒಳಗೆ ಹೋದೆ. ಮಗಳ ಮದುವೆಗೆ ಅಂತ ಕಟ್ಟುತ್ತಿದ್ದ ಚೀಟಿಯನ್ನು ಈ ಸಲ ಎತ್ತಿ ಫೀಸಿಗೆ ಕೊಡೋಣ ಅಂತ ನಮ್ಮವರ ಹತ್ತಿರ ಹೇಳಿದ್ದೇನೆ. ಮದುವೆ ಆಗುವ ಕಾಲಕ್ಕೆ ಆಗುತ್ತದೆ ಬಿಡಿ.

ನಿಮ್ಮ ಮನೆಯಲ್ಲೂ ಇಂಥ ಹಟಮಾರಿ ಇದ್ದಾಳೆಯೇ? ಹಿರಿಯರೊಡನೆ ಜಗಳ ಬೇಡ. ಕೂರಿಸಿಕೊಂಡು ಈ ಅಜ್ಜಿ, ಮೊಮ್ಮಗಳ ಕಥೆ ಹೇಳಿ ನೋಡಿ. ಏನಂತೀರಿ?