ಕಾಲಿನಿಂದ ಓದುವ ಕಥೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯನ್ನು ಓದಬೇಕಾದರೆ ಕಣ್ಣಿದ್ದರೆ ಸಾಲದು; ಕಾಲೂ ಬೇಕು. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿಗಳು, ಕುದುರೆ ಸವಾರರು. ಇವಕ್ಕೆ ಮೇಲಾಗಿ ರಾಮಾಯಣ, ಮಹಾಭಾರತ, ಭಾಗವತಗಳ ಪ್ರಸಂಗಗಳು. ಓದುವವನು ನಿಂತಲ್ಲಿಯೇ ನಿಂತರೆ ಕಥೆಯೂ ಅಲ್ಲಿಯೇ ನಿಲ್ಲುತ್ತದೆ. ಹೆಜ್ಜೆಯಿಟ್ಟರೆ ಬಾಣ ಬಿಲ್ಲಿನಿಂದ ಹೊರಡುತ್ತದೆ, ಮೂಲೆ ತಿರುಗಿದರೆ ಅದು ತಾಗಬೇಕಾದವನಿಗೆ ತಾಗುತ್ತದೆ. ಕಥೆಯನ್ನು ಬಲ್ಲವನಿಗೆ ಈ ಗೋಡೆ ಒಂದು ಪುಸ್ತಕ. ಅರಿಯದವನಿಗೆ ಬರಿಯ ಕಲ್ಲು. ಹೊರದೇಶದ ಪ್ರವಾಸಿಗಳು ಮಾರ್ಗದರ್ಶಿಯೊಬ್ಬನನ್ನು ಗೊತ್ತುಮಾಡಿಕೊಳ್ಳದೆ ಒಳಗೆ ಕಾಲಿಡದಿರುವುದು ಇದಕ್ಕಾಗಿಯೇ. ಆತನ ಇಂಗ್ಲಿಷು ಹೇಗಾದರೂ ಇರಲಿ, ಕಲ್ಲಿನ ಬಾಯಿ ಬಿಡಿಸುವವನು ಆತನೇ.

ನಡೆದರೆ ಮಾತ್ರ ನಡೆಯುವ ಇಂಥ ಕಥೆಗಳನ್ನು ಅಂಗೈಯಗಲದ ತೆರೆಯ ಮೇಲೆ ಹೇಳುವುದರಲ್ಲಿ ಜಪಾನೀಯರು ನಿಸ್ಸೀಮರು. ವಿಡಿಯೋ ಆಟವೆಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ಒಂದು ಗಳಿಗೆ ತಾಳಬೇಕು. ನಾನು ಹೇಳುತ್ತಿರುವುದು ಗುಂಡು ಹಾರಿಸಿ ಅಂಕ ಗಳಿಸುವ ಆಟವನ್ನಲ್ಲ. ಪಾತ್ರವೊಂದನ್ನು ಹೊತ್ತು, ಊರಿಂದೂರಿಗೆ ಅಲೆದು, ಕಂಡವರನ್ನೆಲ್ಲ ಮಾತನಾಡಿಸಿ, ಹತ್ತಿಪ್ಪತ್ತು ಗಂಟೆಗಳ ಕಾಲ ಕಥೆಯೊಂದರೊಳಗೆ ಬಾಳುವ ಬಗೆಯದು ಇದು. 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಬಂದಂದಿನಿಂದ ಜಪಾನಿನಲ್ಲಿ ಇದು ಮನೆಮಾತು. ಆದರೆ ಅಲ್ಲಿ ಹುಟ್ಟಿದುದೆಲ್ಲ ಹೊರಗೆ ಬರಲಿಲ್ಲ. ಇಂಗ್ಲಿಷಿಗೆ ತಂದರೆ ಲಾಭವಿಲ್ಲವೆಂದು ವ್ಯಾಪಾರಿಗಳಿಗೆ ತೋರಿದರೆ ಸಮುದ್ರದಾಚೆಯವರಿಗೆ ಆ ಕಥೆ ಇಲ್ಲವೆಂದೇ ಲೆಕ್ಕ. ಆಗ ಕೆಲಸಕ್ಕೆ ಕೈಹಾಕಿದವರು ಅಭಿಮಾನಿಗಳು. 1992ರ ‘ಫೈನಲ್ ಫ್ಯಾಂಟಸಿ’ಯ ಐದನೆಯ ಕಥೆ ಅಧಿಕೃತವಾಗಿ ಇಂಗ್ಲಿಷಿಗೆ ಬಂದುದು 1999ರಲ್ಲಿ, ಅಭಿಮಾನಿಗಳು ಅದಕ್ಕೆ ಮೊದಲೇ ಓದಿ ಮುಗಿಸಿದ್ದರು. 1995ರ ‘ಸೈಕೆನ್ ದೆನ್ಸೆತ್ಸು’ ಮೂರನೆಯದನ್ನು ಅಭಿಮಾನಿಗಳು 2000ದಲ್ಲಿ ತಂದರೆ, ಒಡೆಯರು ತಂದುದು 2019ರಲ್ಲಿ.

ನನ್ನನ್ನು ಹಿಡಿದು ಕೂಡಿಸಿದ ಕಥೆಯ ಹೆಸರು ‘ಮದರ್ 3’. ಜಪಾನಿನಲ್ಲಿ ಕೆಲಸದಲ್ಲಿದ್ದ ಮಿತ್ರರೊಬ್ಬರು ಬರುವಾಗ ಅದರ ಕಾರ್ಟ್ರಿಜ್ ಕೊಂಡು ತಂದಿದ್ದರು. ಇದನ್ನು ಬರೆದವರು ಶಿಗೆಸಾತೊ ಇತೊಯಿ. ಜಾಹೀರಾತುಗಳ ಒಕ್ಕಣೆಯಲ್ಲಿ ಹೆಸರು ಮಾಡಿದವರು. 1994ರಲ್ಲಿ ಆರಂಭವಾದ ಕೆಲಸ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಸಾಗಿ, 2000ದಲ್ಲಿ ನಿಂತೇಹೋಗಿ, 2003ರಲ್ಲಿ ಮತ್ತೆ ಉಸಿರಾಡಿ, 2006ರ ಏಪ್ರಿಲಿನಲ್ಲಿ ‘ಗೇಮ್ ಬಾಯ್ ಅಡ್ವಾನ್ಸ್’ ಎಂಬ ಕೈಯಂತ್ರಕ್ಕೆ ಹೊರಬಂದಿತು. ಇಂಗ್ಲಿಷಿನ ಸುದ್ದಿಯಿಲ್ಲ. ಅದೇ ವರ್ಷ ಅಭಿಮಾನಿಗಳ ತಂಡವೊಂದು ತಾನೇ ಅನುವಾದಿಸುವೆನೆಂದು ಸಾರಿತು. ಮುಂದಾಳಾಗಿ ನಿಂತವರು ಕ್ಲೈಡ್ ಮ್ಯಾಂಡೆಲಿನ್. ಅನುವಾದವೇ ಅವರ ಜೀವನೋಪಾಯ. ಹಗಲು ಸಂಬಳಕ್ಕೆ ಮಾಡುತ್ತಿದ್ದುದನ್ನೇ ಅವರು ರಾತ್ರಿ ಪ್ರೀತಿಗೆ ಮಾಡಿದರೆನ್ನಬೇಕು. ಸುಮಾರು ಎರಡು ವರ್ಷಗಳ ದುಡಿಮೆಯ ಬಳಿಕ 2008ರ ಅಕ್ಟೋಬರಿನಲ್ಲಿ ಅನುವಾದ ಹೊರಬಿದ್ದಾಗ ಮೊದಲ ವಾರದಲ್ಲಿಯೇ ಅದನ್ನು ಪಡೆದವರು ಲಕ್ಷಕ್ಕೆ ಮಿಕ್ಕಿದರು. 2024ರಲ್ಲಿ ಕಂಪೆನಿಯು ಹೊಸ ಯಂತ್ರಕ್ಕೆ ಈ ಕಥೆಯನ್ನು ಒದಗಿಸಿತು. ಆಗಲೂ ಜಪಾನಿನವರಿಗೆ ಮಾತ್ರ.

ಇದು ಕಳ್ಳಮಾಲಲ್ಲವೆ ಎಂದು ಕೇಳುವವರುಂಟು. ಕೇಳತಕ್ಕ ಮಾತೇ. ಇಂಥ ಅನುವಾದಕರು ಆಟವನ್ನು ಹಂಚುವುದಿಲ್ಲ; ಮೂಲಕ್ಕೂ ತಮ್ಮದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಒಂದು ಕಡತವಾಗಿ ಕೊಡುತ್ತಾರೆ. ಪ್ಯಾಚ್ ಎಂದು ಅದರ ಹೆಸರು. ನಾವು ತೇಪೆ ಎನ್ನೋಣ. ಬಟ್ಟೆ ನಿಮ್ಮದಿರಬೇಕು, ತೇಪೆ ಅವರದು. ಮೂಲದ ಪ್ರತಿಯಿಲ್ಲದವನಿಗೆ ಅದು ಬರಿಯ ಚಿಂದಿ. ಕಾನೂನಿನ ಕಣ್ಣಿಗೆ ಇದರಿಂದ ಪ್ರಶ್ನೆ ಪೂರ್ಣವಾಗಿ ತೀರುವುದಿಲ್ಲ; ಅನುವಾದದ ಹಕ್ಕೂ ಒಡೆಯನದೇ. ಮ್ಯಾಂಡೆಲಿನ್ನರು ತಮ್ಮ ಅನುವಾದವನ್ನೆಲ್ಲ ಬಿಡಿಕಾಸು ಪಡೆಯದೆ ಕಂಪೆನಿಗೆ ಒಪ್ಪಿಸಲು ಸಿದ್ಧರೆಂದು ಹೇಳಿದ್ದುಂಟು. ಕದ್ದವನು ಕದ್ದುದನ್ನು ಮನೆಯವನ ಬಾಗಿಲಿಗೆ ತಂದು, ದಯವಿಟ್ಟು ತೆಗೆದುಕೊಳ್ಳಿರೆಂದು ಕೈಮುಗಿದು ನಿಲ್ಲುವುದನ್ನು ನಾನಂತೂ ಕೇಳಿಲ್ಲ.

ಕಥೆ ನಡೆಯುವುದು ತಾಜ್‌ಮಿಲಿ ಎಂಬ ಊರಿನಲ್ಲಿ. ಅಲ್ಲಿ ಹಣವೆಂಬುದೇ ಇಲ್ಲ. ಬೇಕಾದುದನ್ನು ಕೇಳಿ ಪಡೆಯುವುದು, ಇದ್ದುದನ್ನು ಕೊಡುವುದು. ಫ್ಲಿಂಟ್ ಎಂಬ ಕುರಿಗಾಹಿ, ಆತನ ಹೆಂಡತಿ ಹಿನಾವಾ, ಅವಳಿ ಮಕ್ಕಳಾದ ಲೂಕಾಸ್ ಮತ್ತು ಕ್ಲಾಸ್. ತಾಯಿಮಕ್ಕಳು ಅಜ್ಜನ ಮನೆಗೆ ಹೋಗಿ ಹಿಂದಿರುಗುವ ರಾತ್ರಿ ಕಾಡಿಗೆ ಬೆಂಕಿ ಬೀಳುತ್ತದೆ. ಊರವರೆಲ್ಲ ಮಳೆಯಲ್ಲಿ ಹುಡುಕುತ್ತಾರೆ. ಕೊನೆಗೆ ಒಬ್ಬಾತ ಫ್ಲಿಂಟನ ಬಳಿಗೆ ಬಂದು, ಒಂದು ಒಳ್ಳೆಯ ಸುದ್ದಿ, ಒಂದು ಕೆಟ್ಟ ಸುದ್ದಿ ಎನ್ನುತ್ತಾನೆ. ಒಳ್ಳೆಯದು, ಮೃಗವೊಂದರ ಕೋರೆಹಲ್ಲು ಸಿಕ್ಕಿದೆ, ಆಯುಧಕ್ಕೆ ಬಲು ಯೋಗ್ಯ ಎಂಬುದು. ಕೆಟ್ಟದ್ದು, ಅದು ಸಿಕ್ಕಿದ ಸ್ಥಳ. ಆ ಕೋರೆ ನಾಟಿದ್ದುದು ಹಿನಾವಾಳ ಎದೆಯಲ್ಲಿ.

ಇದನ್ನು ಓದಿ ನಾನು ಯಂತ್ರವನ್ನು ಕೆಳಗಿಟ್ಟೆ. ಹೀಗೂ ಸಾವಿನ ಸುದ್ದಿ ಹೇಳುವುದುಂಟೆ ಎಂದು ಮೊದಲು ಸಿಟ್ಟು ಬಂತು. ನಮ್ಮ ಸೀಮೆಯಲ್ಲಿ ಸಾವನ್ನು ಸಾವೆಂದು ಯಾರೂ ಮೊದಲು ಹೇಳುವುದಿಲ್ಲ. ‘ಸ್ವಲ್ಪ ಹುಷಾರಿಲ್ಲ, ಬೇಗ ಬಂದರೆ ಒಳ್ಳೆಯದು’ ಎನ್ನುತ್ತಾರೆ, ಕೇಳಿದವನಿಗೆ ಬಸ್ಸಿನಲ್ಲಿ ಕೂತಾಗ ಅರ್ಥವಾಗುತ್ತದೆ. ಆದರೆ ಯೋಚಿಸಿದಂತೆಲ್ಲ, ಆ ಹೇಳುವವನ ಪಾಡು ಕಣ್ಣಿಗೆ ಕಟ್ಟಿತು. ಬಾಯಿ ಬಾರದ ಒರಟು ಮನುಷ್ಯ, ಹೇಳಲೇಬೇಕಾಗಿದೆ, ಅದಕ್ಕೆ ಮುಂಚೆ ಹೇಳಬಹುದಾದ ಏನಾದರೊಂದನ್ನು ತಡಕಾಡಿ ಆ ಕೋರೆಹಲ್ಲಿಗೆ ಕೈಹಾಕಿದ್ದಾನೆ. ಇದನ್ನು ಇಂಗ್ಲಿಷಿಗೆ ತಂದವನು ಒಂದು ಪದ ನಯಗೊಳಿಸಿದ್ದರೂ ಕೆಡುತ್ತಿತ್ತು. ಒಂದು ಪದ ಹೆಚ್ಚು ಒರಟಾಗಿಸಿದ್ದರೆ ನಗೆಪಾಟಲಾಗುತ್ತಿತ್ತು. ಎಂ.ಎ. ತರಗತಿಯಲ್ಲಿ ಔಚಿತ್ಯವೆಂಬ ಮಾತನ್ನು ನಾವು ಎಷ್ಟು ಸಲ ಬರೆದುಕೊಂಡಿಲ್ಲ!

ಮುಂದೇನಾಯಿತೆಂದು ನಾನು ಹೇಳಿಬಿಟ್ಟರೆ, ವಾರವಾರವೂ ಧಾರಾವಾಹಿಯ ಕಂತಿಗಾಗಿ ಕಾಯುವ ಈ ಪತ್ರಿಕೆಯ ವಾಚಕರು ನನ್ನನ್ನು ಕ್ಷಮಿಸಲಾರರು. ಇಷ್ಟು ಹೇಳಬಹುದು. ಮೂರು ವರ್ಷಗಳು ಕಳೆದು ಮತ್ತೆ ತೆರೆ ಎದ್ದಾಗ ತಾಜ್‌ಮಿಲಿಗೆ ಹಣ ಬಂದಿದೆ, ರೈಲು ಬಂದಿದೆ, ಮನೆಮನೆಗೂ ಬೆಳಗುವ ಪೆಟ್ಟಿಗೆಯೊಂದು ಬಂದಿದೆ. ಜನ ಅದರ ಮುಂದೆ ಕುಳಿತು ಏಳುವುದಿಲ್ಲ. ರೈಲು ಬಂದುದರಿಂದಲೇ ಊರು ಕೆಟ್ಟಿತೆಂಬ ಧ್ವನಿಯನ್ನು ಅರಸೀಕೆರೆಯವನಾದ ನಾನು ಒಪ್ಪಲಾರೆ. ಹುಬ್ಬಳ್ಳಿಯ ದಾರಿಯೂ ಹಾಸನದ ದಾರಿಯೂ ಕೂಡುವ ಈ ಜಂಕ್ಷನ್ ಇಲ್ಲದಿದ್ದರೆ ನಮ್ಮ ಕೊಬ್ಬರಿಯ ಸಂತೆಗೆ ಯಾರು ಬರುತ್ತಿದ್ದರು? ಆದರೆ ಪೆಟ್ಟಿಗೆಯ ವಿಷಯದಲ್ಲಿ ಇತೊಯಿಯವರೊಡನೆ ನನಗೆ ತಕರಾರಿಲ್ಲ.

ಆರನೆಯ ಅಧ್ಯಾಯ ತೀರ ಚಿಕ್ಕದು. ಸೂರ್ಯಕಾಂತಿಯ ಹೊಲವೊಂದರಲ್ಲಿ ಹುಡುಗನೂ ಅವನ ನಾಯಿಯೂ ನಡೆಯುತ್ತಾರೆ. ಮುಂದೆ ತಾಯಿಯ ಛಾಯೆ ಕಂಡು ಕಂಡು ಮರೆಯಾಗುತ್ತದೆ. ಜಪಾನೀ ಭಾಷೆಯಲ್ಲಿ ಸೂರ್ಯಕಾಂತಿಗೆ ‘ಹಿಮಾವಾರಿ’ ಎನ್ನುತ್ತಾರೆಂದು ತಿಳಿದವನಿಗೆ ಹಿನಾವಾ ಎಂಬ ಹೆಸರು ಅಲ್ಲಿ ಬೇರೆಯಾಗಿ ಕೇಳಿಸುತ್ತದೆ. ಮಾತು ಇಲ್ಲವೆನ್ನುವಷ್ಟು ಕಡಿಮೆ. ನಡೆಸುವವನು ನೀವು, ಬೆರಳು ತೆಗೆದರೆ ಹುಡುಗ ಹೊಲದ ನಡುವೆ ನಿಂತುಬಿಡುತ್ತಾನೆ. ಪುಟ ಮಗುಚಿ ಓದುವ ಕಾದಂಬರಿಯಲ್ಲಿ ಈ ಅನುಭವ ನನಗೆ ಆಗಿಲ್ಲವೆಂದು ಹೇಳಲು ಸಂಕೋಚಪಡುವುದಿಲ್ಲ. ಹಳೇಬೀಡಿನ ಪ್ರದಕ್ಷಿಣೆಯಲ್ಲಿ ಆಗಿದೆ.

ಇಂಗ್ಲಿಷಿನಲ್ಲಿ ಓದುತ್ತಿದ್ದಂತೆ ಒಂದು ವಿಷಯ ಕೀಟದಂತೆ ಕೊರೆಯತೊಡಗಿತು. ಜಪಾನೀ ಭಾಷೆಯ ವಾಕ್ಯರಚನೆ ನಮ್ಮದಕ್ಕೆ ಹತ್ತಿರ: ಕರ್ತೃ ಮೊದಲು, ಕರ್ಮ ಅನಂತರ, ಕ್ರಿಯಾಪದ ಕೊನೆಗೆ, ವಿಭಕ್ತಿಯ ಕೆಲಸ ಮಾಡುವ ತುಣುಕುಗಳು ನಾಮಪದದ ಹಿಂದೆ. ಈ ಆಟಗಳಲ್ಲಿ ಮಾತು ಒಮ್ಮೆಗೇ ಕಾಣಿಸುವುದಿಲ್ಲ. ಅಕ್ಷರದ ಮೇಲೆ ಅಕ್ಷರ ಮೂಡುತ್ತದೆ. ಅಂದಮೇಲೆ ಕ್ರಿಯಾಪದ ಬರುವ ತನಕ ಓದುಗ ಉಸಿರು ಹಿಡಿದಿರುತ್ತಾನೆ. ‘ನಿನ್ನ ಹೆಂಡತಿಯ ಎದೆಯಲ್ಲಿ ಅದು...’ ಎಂದು ಕನ್ನಡ ಕಾಯಿಸಬಲ್ಲದು. ಇಂಗ್ಲಿಷಿಗೆ ಈ ಸರಣಿಯನ್ನು ಉಳಿಸಿಕೊಳ್ಳುವುದು ಪ್ರಯಾಸ. ಮರ್ಯಾದೆಯ ಮಾತೂ ಹಾಗೆಯೇ. ಯಾರು ಯಾರಿಗೆ ತಗ್ಗಿ ನುಡಿದರು, ಯಾರು ಸಲುಗೆಯಿಂದ ಕರೆದರು ಎಂಬುದನ್ನು ಜಪಾನೀ ಭಾಷೆ ಸೂಕ್ಷ್ಮವಾಗಿ ತೋರಿಸುತ್ತದೆ. ಇಂಗ್ಲಿಷು ಎಲ್ಲವನ್ನೂ ಒಂದೇ ‘ಯೂ’ ಆಗಿ ತಟ್ಟಿಬಿಡುತ್ತದೆ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲು ನಮ್ಮಲ್ಲಿದೆ. ಅಪ್ಪ, ಅಮ್ಮ, ಮಾರಾಯ, ತಾಯಿ ಎಂದು ಸೇರಿಸಿದರೆ ಮೆಟ್ಟಿಲು ಇನ್ನೂ ಹಲವು. ಆಟದಲ್ಲಿ ಗಂಡೆಂದೂ ಹೆಣ್ಣೆಂದೂ ನಿರ್ಧರಿಸಲಾಗದ ಏಳು ಮಂದಿ ದಿವ್ಯಜೀವಿಗಳಿದ್ದಾರೆ. ಜಪಾನೀ ಕ್ರಿಯಾಪದಕ್ಕೆ ಲಿಂಗವಿಲ್ಲ, ಕನ್ನಡಕ್ಕುಂಟು. ಸಿಕ್ಕಿಬಿದ್ದೆವೆಂದು ಹೆದರಬೇಕಾಗಿಲ್ಲ, ‘ಅವರು ಬಂದರು’ ಎಂದರೆ ಗೌರವವೂ ಸಂದಿತು, ಗುಟ್ಟೂ ಉಳಿಯಿತು.

ಪರಭಾಷೆಯ ಕಥೆಯನ್ನು ಪ್ರೀತಿಯಿಂದ ಹೊತ್ತು ತರುವುದು ನಮಗೇನೂ ಹೊಸತಲ್ಲ. ‘ಕವಿರಾಜಮಾರ್ಗ’ವೇ ದಂಡಿಯ ‘ಕಾವ್ಯಾದರ್ಶ’ವನ್ನು ಎದುರಿಗಿಟ್ಟುಕೊಂಡು ಹುಟ್ಟಿದುದು, ಬಾಣನ ‘ಕಾದಂಬರಿ’ಯನ್ನು ನಾಗವರ್ಮ ಕನ್ನಡಿಸಿದ. ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರನ್ನು ತಂದು, ಕಾದಂಬರಿ ಓದುವವರ ಒಂದು ಪೀಳಿಗೆಯನ್ನೇ ಕನ್ನಡದಲ್ಲಿ ಬೆಳೆಸಿದರು. ನಮ್ಮ ಕಾಲದಲ್ಲಿ 2003ರಿಂದ ಕನ್ನಡ ವಿಕಿಪೀಡಿಯವನ್ನು ಕಟ್ಟುತ್ತಿರುವವರಿಗೂ ಸಂಬಳ ಕೊಡುವವರು ಯಾರೂ ಇಲ್ಲ. ಹೆಸರಾದರೂ ಉಳಿಯುತ್ತದೆಯೆ? ಬೇಲೂರಿನ ಚೆನ್ನಕೇಶವನ ಗುಡಿ ಪ್ರತಿಷ್ಠೆಯಾದುದು 1117ರಲ್ಲಿ; ಮದನಿಕೆಯರನ್ನು ಕಡೆದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲಿಯೇ ಕಂಡರಿಸಿ ಹೋದರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಈ ತಂದೆಮಕ್ಕಳ ಹೆಸರನ್ನು ಯಾರೂ ಹುಡುಕಬೇಕಾಗಲಿಲ್ಲ. ಮ್ಯಾಂಡೆಲಿನ್ನರು ಅಭಿಮಾನಿಗಳ ನಡುವೆ ‘ಟೊಮ್ಯಾಟೊ’ ಎಂದು ಪ್ರಸಿದ್ಧರು. ತಕ್ಷಣಕ್ಕೆ ನಗು ಬರುತ್ತದೆ. ನಮ್ಮ ಕಾವ್ಯನಾಮಗಳನ್ನು ಜಪಾನೀಯರಿಗೆ ಅರ್ಥ ಹೇಳಿ ತೋರಿಸಿದರೆ ಅವರು ನಗದಿರುವರೆ?

ಹಾಗಾದರೆ ಕನ್ನಡದಲ್ಲಿ ಏಕಿಲ್ಲ? ನನ್ನ ವಿದ್ಯಾರ್ಥಿಗಳಿಬ್ಬರು ಕೇಳಿದ ಪ್ರಶ್ನೆ ಇದು. ಒಬ್ಬನಿಗೆ ಗಣಕಯಂತ್ರದ ಒಳಹೊರಗು ಗೊತ್ತು. ಇನ್ನೊಬ್ಬಳು ಜಾವಗಲ್ಲಿನ ಕಡೆಯವಳು, ಅವಳ ಕನ್ನಡ ಕೇಳಲು ಬಲು ಸೊಗಸು. ಮೊದಲ ಹತ್ತು ನಿಮಿಷದ ಸಂಭಾಷಣೆಯನ್ನಾದರೂ ಮಾಡಿ ನೋಡೋಣವೆಂದು ಹೊರಟರು. ತೊಡಕು ಭಾಷೆಯದಲ್ಲ, ಅಕ್ಷರದ್ದು. ಜಪಾನೀ ಅಕ್ಷರಗಳು ಒಂದೊಂದೂ ಒಂದೇ ಅಳತೆಯ ಚೌಕದಲ್ಲಿ ಕೂಡುತ್ತವೆ. ಯಂತ್ರವು ಎಡದಿಂದ ಬಲಕ್ಕೆ ಚೌಕದ ಪಕ್ಕ ಚೌಕವಿಡುವುದನ್ನಷ್ಟೇ ಬಲ್ಲದು. ಇಂಗ್ಲಿಷು ಅಕ್ಷರಗಳಲ್ಲಿ ತೆಳ್ಳಗಿನದು, ದಪ್ಪನೆಯದು ಎಂದು ಭೇದವಿರುವುದರಿಂದ, ಹಾಗೆಯೇ ಇಟ್ಟರೆ ಹಲ್ಲು ಬಿದ್ದ ಬಾಯಂತಾಗುತ್ತದೆ. ಅದಕ್ಕಾಗಿ ಆ ತಂಡ ಆಟದ ಒಡಲನ್ನು ಬಗೆದು, ಅಕ್ಷರಕ್ಕೆ ತಕ್ಕ ಅಗಲ ಕೊಡುವ ಹೊಸ ವ್ಯವಸ್ಥೆಯನ್ನು ಹೆಣೆಯಬೇಕಾಯಿತು. ಕನ್ನಡಕ್ಕೆ ಅಗಲದ ಜೊತೆಗೆ ಆಳವೂ ಬೇಕು. ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ಆ ಯಂತ್ರಕ್ಕೆ ಕೊಟ್ಟು ನೋಡಿ! ತಲೆಯ ಮೇಲೆ ಗುಡಿಸು, ಅಡಿಗೆ ಒಂದರಡಿ ಒಂದು ಒತ್ತು. ಇಡೀ ತೆರೆಯೇ ಅಡ್ಡ 240 ಚುಕ್ಕೆ, ಉದ್ದ 160 ಚುಕ್ಕೆ. ಅದರಲ್ಲಿ ಮಾತಿಗೆ ಮೀಸಲಾದ ಚೌಕ ಇನ್ನೂ ಕಿರಿದು. ಒತ್ತಕ್ಷರಕ್ಕೆ ಎಡೆ ಬಿಟ್ಟರೆ ಒಂದು ಸಾಲು ಹೋಗುತ್ತದೆ. ಬಿಡದಿದ್ದರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ತುಳಿಯುತ್ತದೆ.

ಹುಡುಗ ಒತ್ತಕ್ಷರಗಳನ್ನೆಲ್ಲ ಮೊದಲೇ ಕೂಡಿಸಿದ ಚಿತ್ರಗಳಾಗಿ ಬರೆದಿಡಲು ಕುಳಿತಿದ್ದಾನೆ. ನೂರಾರು ಆಗುತ್ತವೆ, ಆಗಲಿ ಎನ್ನುತ್ತಾನೆ. ಹುಡುಗಿ ಸಂಭಾಷಣೆಯನ್ನು ಜಪಾನೀಯಿಂದ ನೇರವಾಗಿ ತರಬೇಕೆಂದು ಆ ಲಿಪಿಯನ್ನು ತಿದ್ದಲು ಹಿಡಿದಿದ್ದಾಳೆ. ನಾನು ಆಗಾಗ ಪದ ಹುಡುಕಿಕೊಡುವವನು. ಈ ಮೂವರ ಸಭೆಯಲ್ಲಿ ಕಳೆದ ವಾರ ಹೆಸರಿನ ಚರ್ಚೆ ಬಂತು. ಮುಖಪುಟದ ಮೇಲೆ ‘ಮದರ್’ ಎಂಬುದಕ್ಕೆ ಏನು ಬರೆಯುವುದು? ಹುಡುಗ ‘ಅಮ್ಮ’ ಎಂದ. ಹುಡುಗಿ ‘ಅವ್ವ’ ಎಂದಳು. ಕುರಿ ಕಾಯುವವನ ಮಕ್ಕಳು ಅಮ್ಮ ಎನ್ನುವರೆ ಎಂದು ಅವಳ ವಾದ. ಎರಡಕ್ಕೂ ಒತ್ತಿದೆ, ಎರಡೂ ಚೌಕದಲ್ಲಿ ಹಿಡಿಸವು. ‘ತಾಯಿ’ ಎಂದರೆ ಒತ್ತಿನ ಗೊಡವೆಯಿಲ್ಲದೆ ಒಂದೇ ಸಾಲಿನಲ್ಲಿ ನೆಟ್ಟಗೆ ಕೂಡುತ್ತದೆಯಲ್ಲ ಎಂದೆ ನಾನು.

ಇಬ್ಬರೂ ಒಪ್ಪಲಿಲ್ಲ. ಯಾವ ಮಗು, ಸಾರ್, ಹಾಗೆ ಕೂಗುತ್ತದೆ ಎಂದಳು ಹುಡುಗಿ. ಹುಡುಗ ಏನೂ ಹೇಳದೆ, ಒತ್ತಿಗೆ ಸ್ಥಳ ಮಾಡಲು ಚೌಕದ ಕೆಳಗಿನ ಗೆರೆಯನ್ನು ನಾಲ್ಕು ಚುಕ್ಕೆ ಇಳಿಸಿದ.